ಹನ್ನೆರಡು ನವಿಲಿನ ಗೋಪುರ

ನಮ್ಮಪ್ಪ ಒಂದು ಜೊತೆ ಚಪ್ಪಲಿ ಕೊಳ್ಳಬೇಕೆಂದರೆ ಮೂರು ಸಂತೆ ತಿರುಗುವ ಮನುಷ್ಯ. ಮೊದಲನೆಯ ಸಂತೆಯಲ್ಲಿ ದೂರದಿಂದ ನೋಡುತ್ತಾನೆ. ಎರಡನೆಯದರಲ್ಲಿ ಕೈಗೆತ್ತಿಕೊಂಡು ಬಗ್ಗಿಸಿ, ಮೂಸಿ, ಹೊಲಿಗೆ ಎಣಿಸಿ ಇಟ್ಟು ಬರುತ್ತಾನೆ. ಮೂರನೆಯದರಲ್ಲಿ ಅಂಗಡಿಯವನೇ ಬೇಸತ್ತು ದರ ಇಳಿಸುತ್ತಾನೆ. ಹಾಗೆ ಕೊಂಡ ಚಪ್ಪಲಿ ಐದು ವರ್ಷ ಬಾಳುತ್ತಿತ್ತು ಎಂಬುದೂ ಸುಳ್ಳಲ್ಲ. ನನ್ನ ಅವ್ವ ಇಂದ್ರಾಬಾಯಿ ಮಾತ್ರ ಈ ವಿಷಯ ಬಂದಾಗಲೆಲ್ಲ ತನ್ನ ಕತೆ ತೆಗೆಯುತ್ತಿದ್ದಳು. "ನನ್ನ ನೋಡಾಕೂ ಮೂರ ಸಲ ಬಂದಿದ್ದ. ಮೂರನೇ ಸಲಕ್ಕ ನಮ್ಮಪ್ಪನ ಬ್ಯಾಸತ್ತು ಕೊಟ್ಟು ಕೈ ತೊಳಕೊಂಡ" ಎಂದು ನಗುತ್ತಿದ್ದಳು.

ಅಂಥ ಮನುಷ್ಯ ೨೦೦೮ರ ಬೇಸಿಗೆಯಲ್ಲಿ ಒಂದು ಯಂತ್ರ ಕೊಳ್ಳಲು ಹೊರಟ.

ಅಪ್ಪ, ಅಂದರೆ ಸೋಮಲಿಂಗ, ಇಳಕಲ್ಲಿನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಫಿಟ್ಟರ್. ಅಜ್ಜ ಇರುವವರೆಗೂ ನಮ್ಮದು ನೇಕಾರರ ಮನೆ. ಅವನು ತೀರಿಕೊಂಡ ಮೇಲೆ ಮಗ್ಗ ಬಿಚ್ಚಿದೆವು. ಮಗ್ಗದ ಕುಣಿಗೆ ಅಪ್ಪ ಮಣ್ಣು ತುಂಬಿ, ಮೇಲೆ ಬಂಡೆ ಹಾಸಿ, ಆ ಕೋಣೆಯಲ್ಲಿ ಉಳಿ, ಗರಗಸ, ಉಜ್ಜುಗೊರಡು ತಂದಿಟ್ಟುಕೊಂಡ. ಗುರುವಾರ ಕಾರ್ಖಾನೆಗೆ ರಜೆ. ಅಂದು ಇಡೀ ದಿನ ಅಲ್ಲೇ ಕೂತು ಮಣೆ, ದೇವರ ಗೂಡು, ಹೆಸರಿನ ಹಲಗೆ ಮಾಡುತ್ತಿದ್ದ. ಒಂದನ್ನೂ ಮಾರಲಿಲ್ಲ. ಓಣಿಯಲ್ಲಿ ನಮ್ಮಪ್ಪ ಮಾಡಿದ ಮಣೆಯಿಲ್ಲದ ಮನೆ ಹುಡುಕಬೇಕು. ಆದರೆ ಚಿತ್ರ ಕೆತ್ತುವುದು ಮಾತ್ರ ಅವನ ಕೈಗೆ ಒಲಿದಿರಲಿಲ್ಲ. ಒಮ್ಮೆ ಗಣಪತಿ ಕೆತ್ತಲು ಹೋದಾಗ, ಅದನ್ನು ಕಂಡ ಅವ್ವ ಇಲಿಯನ್ನಷ್ಟೇ ಗುರುತು ಹಿಡಿದಿದ್ದಳು.

ಆ ವರ್ಷ ಕಾರ್ಖಾನೆಗೆ ಕಲ್ಲಿನ ಮೇಲೆ ಅಕ್ಷರ, ಹೂಬಳ್ಳಿ ಕೊರೆಯುವ ದೊಡ್ಡ ಯಂತ್ರ ಬಂತು. ಕಂಪ್ಯೂಟರಿನಲ್ಲಿ ಗೆರೆ ಕೊಟ್ಟರೆ ಅದರ ಸೂಜಿ ತಾನೇ ಓಡಾಡಿ ಅದೇ ಗೆರೆಯನ್ನು ಕೊರೆದಿಡುತ್ತಿತ್ತು. ಸಿಎನ್‌ಸಿ ರೌಟರ್ ಅಂತ ಅದರ ಹೆಸರು. ಕಟ್ಟಿಗೆಗೆ ಬೇರೆಯೇ ಸಣ್ಣ ಯಂತ್ರಗಳಿವೆ, ಮನೆಯಲ್ಲೇ ಮೇಜಿನ ಮೇಲೆ ಇಡಬಹುದು ಎಂದು ಅದನ್ನು ಕೂರಿಸಲು ಬಂದವರು ಅಪ್ಪನಿಗೆ ಹೇಳಿದರು. ಅಂದು ಅಪ್ಪ ಊಟಕ್ಕೆ ಕೂತವನು ಕೈಯಲ್ಲಿ ಮುರಿದ ರೊಟ್ಟಿ ಹಾಗೇ ಹಿಡಿದುಕೊಂಡು ಆ ಯಂತ್ರದ ಮಾತೇ ಆಡಿದ. ಬದನೆಕಾಯಿ ಪಲ್ಯ ಆರಿ ತಣ್ಣಗಾಯಿತು. ಎರಡು ವರ್ಷದ ಓವರ್‌ಟೈಮ್ ರೊಕ್ಕ ಬ್ಯಾಂಕಿನಲ್ಲಿದೆ, ಅದರಲ್ಲಿ ಬರುವಂಥದ್ದನ್ನೇ ತರುತ್ತೇನೆ ಎಂದ. ಅವ್ವ, ಕೊರೆಯೋದಾದರೂ ಏನು ಎಂದು ಕೇಳಿದಳು.

ಅಪ್ಪ ಮೂಲೆಯಲ್ಲಿ ಕೂತಿದ್ದ ಆಯಿಯ ಕಡೆ ತೋರಿಸಿದ. "ಅವ್ವನ ಗೋಪುರ. ಶ್ರುತಿ ಮದವಿ ಮಣಿ ಮ್ಯಾಲ."

ಆಯಿ ಎಂದರೆ ಅಪ್ಪನ ತಾಯಿ ಯಮನವ್ವ. ಶ್ರುತಿ ನಾನು, ಮದವಿ ಮಣಿ ಎಂದರೆ ಅರಿಷಿಣದ ದಿನ ನನ್ನನ್ನು ಕೂರಿಸುವ ಮಣೆ. ಆಗ ನಾನು ಹುನಗುಂದದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮದುವೆಯಿರಲಿ, ವರನ ಸುಳಿವೂ ಇರಲಿಲ್ಲ.

ಆಯಿ ನಲವತ್ತು ವರ್ಷ ಸಾಹುಕಾರರ ಸೀರೆಗಳಿಗೆ ಕಸೂತಿ ಹಾಕಿದವಳು. ಕಸೂತಿಗೆ ಮೊದಲೇ ಬರೆದುಕೊಂಡ ಗೆರೆ ಇರುವುದಿಲ್ಲ. ಬಟ್ಟೆಯ ಎಳೆ ಎಣಿಸುತ್ತ ಸೂಜಿ ಆಡಿಸಬೇಕು. ಗಂಟು ಹಾಕುವಂತಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ಸಾಹುಕಾರರಿಗೆ ಆಯಿ ಆನೆ ಅಂಬಾರಿ, ತುಳಸಿಕಟ್ಟೆ, ತೊಟ್ಟಿಲು ಹಾಕಿಕೊಡುತ್ತಿದ್ದಳು. ಗೋಪುರವೊಂದನ್ನು ಮಾತ್ರ ಹೊರಗೆ ಕೊಟ್ಟವಳಲ್ಲ. ಅದು ಅವಳ ತವರುಮನೆಯದು. ಮೂರು ಅಂತಸ್ತು, ಅಂತಸ್ತಿನ ಮೇಲೆ ಅಂತಸ್ತು ಏರಿದ ಹನ್ನೆರಡು ನವಿಲು. ಮನೆಯ ಹೆಣ್ಣುಮಕ್ಕಳ ಮದುವೆಯ ಕಪ್ಪು ಚಂದ್ರಕಾಳಿ ಸೀರೆಗಷ್ಟೇ ಹಾಕುವಂಥದ್ದು. ಅವಳ ಅಕ್ಕತಂಗಿಯರು ಯಾರೂ ಉಳಿದಿರಲಿಲ್ಲ. ಆಯಿಯ ಸೀರೆ ಜೀರ್ಣವಾಗಿ, ನಾನು ಸಣ್ಣವಳಿದ್ದಾಗ ಹಳೇ ಸೀರೆಗೆ ಪಾತ್ರೆ ಕೊಡುವವನ ಪಾಲಾಗಿತ್ತು. ಬದಲಿಗೆ ಬಂದ ಸ್ಟೀಲಿನ ಕೊಡ ಈಗಲೂ ಅವ್ವನ ಅಡುಗೆಮನೆಯಲ್ಲಿದೆ. ಆಮೇಲೆ ಗೋಪುರ ಇದ್ದದ್ದು ಆಯಿಯ ಕೈಯಲ್ಲಿ ಮಾತ್ರ.

ಅಪ್ಪನ ಮಾತು ಕೇಳಿ ಆಯಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಅವಳು ಬಟ್ಟೆಯ ಮೇಲೆ ಹಾಕಿಕೊಡುವುದು, ಅದನ್ನು ನೋಡಿ ಕಂಪ್ಯೂಟರಿಗೆ ಗೆರೆ ಕೊಡುವುದು ಎಂದಾಯಿತು. ಮರುದಿನವೇ ಅಂಗಡಿಯಿಂದ ಬಿಳಿ ಬಟ್ಟೆ ತರಿಸಿದಳು. ಬಿಸ್ಕೀಟಿನ ಹಳೇ ಡಬ್ಬಿಯಿಂದ ಸೂಜಿ, ದಾರ ತೆಗೆದು ಬಿಸಿಲಿಗಿಟ್ಟಳು. ಆಮೇಲೆ ಅಪ್ಪನನ್ನು ಕರೆದು ಒಂದೇ ಒಂದು ಮಾತು ಕೇಳಿದಳು.

"ಎಷ್ಟ ಅಗಲ ಹಾಕ್ಲಿ?"

ಅದು ಸರಿಯಾದ ಪ್ರಶ್ನೆ ಎಂದೇ ನಮಗೆಲ್ಲ ಅನಿಸಿತು. ನೇಕಾರರ ಮನೆಯಲ್ಲಿ ಎಲ್ಲವೂ ಎಳೆಯ ಲೆಕ್ಕ. ಜಾಗ ನಾಲ್ಕು ಬೆರಳು ಕಡಿಮೆಯಾದರೆ ಚಿತ್ರ ಅದರಷ್ಟಕ್ಕೆ ಕುಗ್ಗುವುದಿಲ್ಲ, ಎರಡು ನವಿಲು ಬಿಡಬೇಕಾಗುತ್ತದೆ. ಹೆಚ್ಚಾದರೆ ಹೊಸದಾಗಿ ಎಣಿಸಿ ಕೂಡಿಸಬೇಕಾಗುತ್ತದೆ. ಪೂರ್ತಿ ಗೋಪುರವೆಂದರೆ ಎರಡು ತಿಂಗಳ ಕೆಲಸ. ಹಾಕಿ ಮುಗಿಸಿದ ಮೇಲೆ ಯಂತ್ರದ ಹಾಸು, ಅಂದರೆ ಹಲಗೆ ಇಟ್ಟು ಕೊರೆಯುವ ಜಾಗ, ಅದಕ್ಕೆ ಹೊಂದದಿದ್ದರೆ ಈ ವಯಸ್ಸಿನಲ್ಲಿ ಅವಳಿಂದ ಇನ್ನೊಮ್ಮೆ ಹಾಕಿಸುವುದೆಂತು? ಅಜ್ಜನ ಮಗ್ಗದ ಪಕ್ಕ ಬೆಳೆದ ಅಪ್ಪ ತಕ್ಷಣ ಹೇಳಿದ.

"ತಡಿ ಅವ್ವ. ಮಶೀನಿಂದು ಹಾಸು ಎಷ್ಟ ಬರ್ತೈತಿ ಮೊದಲ ತಿಳೀಲಿ. ಆಮ್ಯಾಲ ಸೂಜಿ ಹಿಡಿಯುವಂತಿ."

ಆಯಿ ತಲೆಯಾಡಿಸಿ ಬಟ್ಟೆಯನ್ನು ಮಡಚಿ ಡಬ್ಬಿಯ ಮೇಲಿಟ್ಟಳು.

ಮುಂದೆ ಶುರುವಾಯಿತು ಅಪ್ಪನ ಸಂತೆ. ಗುರುವಾರ ಬಂತೆಂದರೆ ನನ್ನನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಅಹ್ಮದಸಾಬರ ಇಂಟರ್ನೆಟ್ ಅಂಗಡಿಗೆ ಹೋಗುವುದು. ನಾನು ಇಂಗ್ಲಿಷು ಓದಿ ಹೇಳುವುದು, ಅವನು ವಹಿಯಲ್ಲಿ ಬರೆದುಕೊಳ್ಳುವುದು. ಪ್ರಿಂಟು ತೆಗೆದ ಹಾಳೆಗಳು ಒಂದು ಫೈಲಾದವು, ಫೈಲು ಎರಡಾದವು. ಕಡೆಗೆ ಮೂರು ದಾರಿ ಉಳಿದವು. ಮುಂಬಯಿಯವರೊಬ್ಬರು ಚೀನಾದಿಂದ ತರಿಸಿಕೊಡುವ ಸಣ್ಣ ಯಂತ್ರವೊಂದು. ಅಗ್ಗ, ಆದರೆ ಹಾಸು ಒಂದಡಿಗೆ ಮುಕ್ಕಾಲಡಿ. ಕೊಯಮತ್ತೂರಿನದು ಇನ್ನೊಂದು. ಎರಡಡಿಗೆ ಒಂದೂವರೆ ಅಡಿ, ಗಟ್ಟಿ ಕಬ್ಬಿಣದ ಮೈ, ದರ ಹೆಚ್ಚುಕಡಿಮೆ ಇಮ್ಮಡಿ. ಮೂರನೆಯದು ಕಾರ್ಖಾನೆಯ ಗೆಳೆಯ ಮುದಕಪ್ಪನ ಸಲಹೆ. ಮೋಟಾರು ಅಷ್ಟೇ ತರಿಸಿ ಉಳಿದದ್ದನ್ನು ತಾವೇ ಕೂಡಿಸುವುದು.

ಒಂದು ಗುರುವಾರ ಅಪ್ಪ ಬಾಗಲಕೋಟೆಗೆ ಹೋದ. ಅಲ್ಲಿ ನವನಗರದಲ್ಲಿ ಅಂಗಡಿಗಳ ಬೋರ್ಡು ಮಾಡುವ ಯಂಕಪ್ಪನ ಹತ್ತಿರ ಸಣ್ಣ ಯಂತ್ರ ಇತ್ತು. ಅಪ್ಪ ಅದರ ಮುಂದೆ ಬಾಗಿ, ಕೊರೆಯುವ ತಲೆಯನ್ನು ಕೈಯಿಂದ ಅಲುಗಾಡಿಸಿ, ಮಧ್ಯಾಹ್ನದವರೆಗೆ ನೋಡಿದನಂತೆ. ಯಂಕಪ್ಪ ತಾಳ್ಮೆಯ ಮನುಷ್ಯ. ಹಾಸಿನ ಚಿಂತೆ ಬಿಟ್ಟುಬಿಡಿ, ಸಣ್ಣದಾದರೆ ಹಲಗೆ ಸರಿಸಿ ಸರಿಸಿ ಕೊರೆಯಬಹುದು, ಆದರೆ ತಿರುಗುವ ಸ್ಕ್ರೂದಲ್ಲಿ ಕೂದಲೆಳೆ ಸಡಿಲವಿದ್ದರೂ ಹೋದ ಗೆರೆಗೆ ಬಂದ ಗೆರೆ ಕೂಡುವುದಿಲ್ಲ ಎಂದು ಬುದ್ಧಿ ಹೇಳಿದ. ಹಾಸಿನ ಚಿಂತೆ ಬಿಡಿ ಎಂದದ್ದು ಅಪ್ಪನ ಕಿವಿಗೆ ಬೀಳಲಿಲ್ಲ. ಸ್ಕ್ರೂದ ಚಿಂತೆಯೊಂದು ಹೊಸದಾಗಿ ಸೇರಿಕೊಂಡಿತು. ಬರುವಾಗ ಅಮೀನಗಡದಲ್ಲಿ ಇಳಿದು ಕರದಂಟು ತಂದ. ಆಯಿಗೆ ಸಕ್ಕರೆ ಕಾಯಿಲೆ ಇತ್ತು, ಆದರೂ ಅವ್ವನ ಕಣ್ಣು ತಪ್ಪಿಸಿ ಒಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅಂದು ಅದನ್ನು ಚೀಪುತ್ತ ಕೇಳಿದಳು.

"ಹಾಸು ಎಷ್ಟಾತೋ?"

"ಇನ್ನೊಂದೆಂಟ ದಿನ ತಡಿ ಅವ್ವ."

ಎಂಟು ದಿನ ಎಂಬುದು ನಮ್ಮನೆಯಲ್ಲಿ ತಿಂಗಳಿಗೆ ಇಟ್ಟ ಅಡ್ಡಹೆಸರು. ಜೂನ್ ಹೋಯಿತು, ಶ್ರಾವಣ ಬಂತು. ಚೀನಾದ್ದು ಬೇಡ ಎಂದು ನಿರ್ಧಾರವಾಯಿತು, ಮತ್ತೆ ಅದೇ ಇರಲಿ ಎಂದಾಯಿತು. ಮುದಕಪ್ಪ ಎರಡು ಗುರುವಾರ ಬಂದು ಚಹಾ ಕುಡಿದು, ನೆಲದ ಮೇಲೆ ಸೀಮೆಸುಣ್ಣದಿಂದ ಯಂತ್ರ ಬರೆದು ಹೋದ. ಅವ್ವ ಅದನ್ನು ಸಾರಿಸಿ ತೆಗೆಯಲು ಹೋದರೆ ಅಪ್ಪ ಬಿಡಲಿಲ್ಲ. ಹದಿನೈದು ದಿನ ನಾವು ಆ ಗೆರೆ ದಾಟಿಕೊಂಡೇ ಓಡಾಡಿದೆವು.

ಅದೇ ದಿನಗಳಲ್ಲಿ ಅನ್ನದಲ್ಲಿ ಕಲ್ಲು ಸಿಗತೊಡಗಿದವು.

ಅಕ್ಕಿ, ಜೋಳ ಹಸನು ಮಾಡುವುದು ಆಯಿಯ ಕೆಲಸ. ಮುಂಜಾನೆ ಹೊಸ್ತಿಲ ಬಳಿ ಬೆಳಕಿಗೆ ಮೊರ ಹಿಡಿದು ಕೂತರೆ ಒಂದು ನುಚ್ಚು, ಒಂದು ಹುಳ ಅವಳ ಕೈ ತಪ್ಪಿಸಿಕೊಂಡದ್ದಿಲ್ಲ. ಈಗ ದಿನ ಬಿಟ್ಟು ದಿನ ಯಾರದಾದರೂ ಹಲ್ಲಿಗೆ ಕಟ್ ಎನ್ನುತ್ತಿತ್ತು. ಮೊದಮೊದಲು ನಕ್ಕೆವು. ಕಾರ್ಖಾನೆಯಲ್ಲಿ ಕಲ್ಲು, ಮನೆಯಲ್ಲೂ ಕಲ್ಲು ಎಂದು ಅಪ್ಪ ತಮಾಷೆ ಮಾಡಿದ. ಒಂದು ಮಧ್ಯಾಹ್ನ ಅವನ ದವಡೆಯ ಹಲ್ಲೇ ಚೂರು ಮುರಿಯಿತು. ಅವ್ವನಿಗೆ ತಡೆಯಲಾಗಲಿಲ್ಲ.

"ಅತ್ತಿ, ನೀವು ಅಕ್ಕಿ ಹಸನ ಮಾಡ್ತೀರೋ, ಸುಮ್ನ ಈ ಕಡೆಯಿಂದ ಆ ಕಡೆ ಸರಸ್ತೀರೋ?"

"ಈಗಿನ ಅಕ್ಕಿನ ಹಂಗ ಬರ್ತಾವು" ಎಂದಳು ಆಯಿ.

"ಅಂಗಡೀನೂ ಅದ ಐತಿ, ಅಕ್ಕೀನೂ ಅದ ಐತಿ. ಮಾಡೋ ಮನಸ್ಸಿಲ್ಲ ಅಂದ್ರ ಹೇಳಿಬಿಡ್ರಿ, ನಾ ಮಾಡ್ಕೋತೇನಿ. ಹೋಗೋ ಬರೋರ ಮಾರಿ ನೋಡಕೋತ ಕುಂತ್ರ ಕಲ್ಲು ಹೆಂಗ ಕಾಣ್ತಾವು?"

ಆಯಿ ತಾಟು ಸರಿಸಿ ಎದ್ದುಹೋದಳು. ಎರಡು ದಿನ ಅತ್ತೆ ಸೊಸೆಗೆ ಮಾತಿರಲಿಲ್ಲ. ಉಪ್ಪು ಬೇಕಾದರೂ ನನ್ನ ಕೈಲಿ ಹೇಳಿಸುತ್ತಿದ್ದರು. ಮೂರನೆಯ ದಿನ ಅವ್ವ ಮೊರವನ್ನು ತನ್ನ ಕಡೆ ಎಳೆದುಕೊಂಡಳು. ಆಯಿ ಬೆಳ್ಳುಳ್ಳಿ ಸುಲಿಯುವುದು, ಶೇಂಗಾ ಒಡೆಯುವುದು, ಬತ್ತಿ ಹೊಸೆಯುವುದು ಇಂಥ ಕೆಲಸಗಳನ್ನು ತಾನೇ ಹುಡುಕಿ ಮಾಡತೊಡಗಿದಳು. ಅವೆಲ್ಲ ಬೆರಳಿನಿಂದ ಆಗುವ ಕೆಲಸ, ಕಣ್ಣು ಬೇಕಿಲ್ಲ. ಅದು ನಮಗೆ ಯಾರಿಗೂ ಹೊಳೆಯಲಿಲ್ಲ. ಮೂರು ಜನ ಕಣ್ಣಿದ್ದವರು ಆ ಮನೆಯಲ್ಲಿದ್ದೆವು.

ನನ್ನ ಪಾಲಿನದನ್ನೂ ಹೇಳಿಬಿಡಬೇಕು. ದೀಪಾವಳಿ ಕಳೆದು ವಾರವಾಗಿತ್ತು. ನಾನು ಓದುತ್ತಿದ್ದೆ. ಆಯಿ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು.

"ಯವ್ವಾ, ನಿನ್ನ ಲೆಕ್ಕದ ಚೌಕಳಿ ವಹಿ ತಾ. ನಾ ಬಾಯಿಲೆ ಹೇಳ್ತೇನಿ, ನೀ ಚುಕ್ಕಿ ಇಟಕೋತ ಹೋಗು."

"ಅಪ್ಪ ಹಾಸು ಹೇಳಿಲ್ಲಲ್ಲ ಆಯಿ?"

"ಅಂವಾ ಹೇಳೂದ ಹೇಳ್ತಾನ. ನೀ ಇದ್ದಷ್ಟ ಬರಕೋ."

ಪರೀಕ್ಷೆ ಮುಗಿಯಲಿ ಎಂದೆ. ಸುಳ್ಳಲ್ಲ, ಪರೀಕ್ಷೆ ಇತ್ತು. ಆದರೆ ಅಂದು ಸಂಜೆ ನಾನು ಗೆಳತಿಯ ಮನೆಗೆ ಹೋಗಿ ಟಿವಿ ನೋಡಿ ಬಂದೆ. ಪರೀಕ್ಷೆ ಮುಗಿದ ಮೇಲೆ ಅವಳೂ ಕೇಳಲಿಲ್ಲ, ನನಗೂ ನೆನಪಾಗಲಿಲ್ಲ.

ಡಿಸೆಂಬರಿನಲ್ಲಿ ನನ್ನ ನಿಶ್ಚಯವಾಯಿತು. ಶಿರೂರಿನ ಹುಡುಗ, ಮಲ್ಲು, ಪ್ರಾಥಮಿಕ ಶಾಲೆಯ ಮಾಸ್ತರ. ಮದುವೆ ಮೇ ತಿಂಗಳಿಗೆ ಎಂದಾಯಿತು. ಅಪ್ಪ ಆಗ ಸ್ವಲ್ಪ ಗಾಬರಿಯಾದ. ಫೈಲುಗಳನ್ನು ಮತ್ತೆ ಹರಡಿಕೊಂಡು, ಕೊಯಮತ್ತೂರಿನದೇ ಸರಿ, ಆದರೆ ಹೊಸ ವರ್ಷಕ್ಕೆ ದರ ಇಳಿಯಬಹುದು, ತಡೆದು ನೋಡೋಣ ಎಂದ. ದರ ಇಳಿಯಲಿಲ್ಲ.

ಫೆಬ್ರುವರಿಯಲ್ಲಿ ಒಂದು ಶುಕ್ರವಾರ ಮನೆದೇವರಿಗೆ ಮದುವೆಯ ಸುದ್ದಿ ತಿಳಿಸಿ ಬರಲೆಂದು ನಾಲ್ವರೂ ಬಾದಾಮಿ ಬಸ್ಸು ಹಿಡಿದು ಚೊಳಚಗುಡ್ಡದ ಬನಶಂಕರಿಗೆ ಹೋದೆವು. ದರ್ಶನ ಮುಗಿಸಿ ಹೊರಗೆ ಬಂದು ಬುಟ್ಟಿಯಲ್ಲಿ ರೊಟ್ಟಿ ಮಾರುವ ಹೆಂಗಸಿನ ಮುಂದೆ ಮರದ ನೆರಳಿಗೆ ಕೂತೆವು. ಜೋಳದ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು. ಆಯಿಯ ಕೈ ರೊಟ್ಟಿಯನ್ನು ದಾಟಿ ಮಣ್ಣಿಗೆ ತಾಗಿತು, ಮತ್ತೆ ಹಿಂದೆ ಬಂದು ಹುಡುಕಿತು. ಉಂಡು ಎದ್ದಾಗ ಇವತ್ತಿನ ರೊಕ್ಕ ನನ್ನದು ಎಂದು ಹಟ ಹಿಡಿದು ಸೊಂಟದ ಸಂಚಿಯಿಂದ ಒಂದು ನೋಟು ಕೊಟ್ಟಳು. ಹತ್ತರದೆಂದು ಇನ್ನೂ ಒಂದು ತೆಗೆದುಕೊಟ್ಟಳು. ಆ ಹೆಂಗಸು ಒಳ್ಳೆಯವಳು. ಎರಡನೆಯ ನೋಟನ್ನು ತಿರುಗಿ ಕೊಡುತ್ತ, "ಆಯಿ, ಇದು ನೂರಿಂದೈತಿ, ಇಟ್ಕೋರಿ" ಎಂದಳು.

ಅವ್ವ ಕೈ ಒರೆಸಿಕೊಳ್ಳುತ್ತಿದ್ದವಳು ನಿಂತಳು. ತನ್ನ ಚೀಲದಿಂದ ಏನೋ ತೆಗೆದು ಆಯಿಯ ಕಣ್ಣೆದುರು ಹಿಡಿದಳು.

"ಅತ್ತಿ, ಇದು ಎಷ್ಟಿನ ನೋಟು?"

ಆಯಿ ಕತ್ತು ಓರೆ ಮಾಡಿ ನೋಡಿದಳು. "ಹತ್ತಿಂದ ಅಲ್ಲೇನ ಅದು?"

ಅವ್ವ ಹಿಡಿದದ್ದು ನಮ್ಮ ಬಸ್ಸಿನ ಟಿಕೆಟು.

ಅವ್ವ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. ಯಾವಾಗಿನಿಂದ ಎಂದು ಅಪ್ಪ ಕೇಳಿದ. ಎಡಗಣ್ಣು ದಸರೆಯ ಮುಂಚೆಯೇ ಹೋಗಿತ್ತು, ಬಲಗಣ್ಣೂ ಆಗಲೇ ಮಬ್ಬಾಗಿತ್ತು, ಸಂಕ್ರಾಂತಿಯಿಂದ ಅದರೊಳಗೆ ಮಸಿ ಚೆಲ್ಲಿದ ಹಾಗೆ ಆಗಿದೆ ಎಂದಳು ಆಯಿ. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಒಂದ ಮಾತ ಹೇಳಬಾರದಾಗಿತ್ತೇನ ಅವ್ವ?"

"ಹೇಳಿದ್ರ ಮಶೀನಿನ ರೊಕ್ಕ ದವಾಖಾನಿಗೆ ಹೋಗ್ತಿತ್ತು. ಮೊದಲ ಹಾಸು ತಿಳೀಲಿ, ಅದೊಂದು ಹಾಕಿ ಮುಗಸೂಣು, ಆಮ್ಯಾಲ ಹೇಳೂಣು ಅಂದಕೊಂಡಿದ್ದೆ."

ಮರುದಿನವೇ ಬಾಗಲಕೋಟೆಗೆ ಕರೆದೊಯ್ದೆವು. ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿದರು. ಇದು ಪೊರೆಯಲ್ಲ, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಬದಿಯಲ್ಲಿ ರಕ್ತ ಸೋರಿದೆ, ಎಡಗಣ್ಣು ಮುಗಿಯಿತು, ಬಲಗಣ್ಣಿಗೆ ಬೆಳಕು ನೆರಳು ತಿಳಿದರೆ ಅದೇ ದೊಡ್ಡದು ಎಂದರು. ಆರೇಳು ತಿಂಗಳ ಹಿಂದೆ ಬಂದಿದ್ದರೆ ಎಷ್ಟೋ ಉಳಿಸಬಹುದಿತ್ತು ಎಂಬುದನ್ನು ಮೆಲ್ಲಗೆ ಹೇಳಿದರು, ಆದರೆ ನಮಗೆಲ್ಲ ಕೇಳಿಸಿತು. ಆರೇಳು ತಿಂಗಳ ಹಿಂದೆ ನಾವು ಮುದಕಪ್ಪನ ಸೀಮೆಸುಣ್ಣದ ಗೆರೆ ದಾಟಿಕೊಂಡು ಓಡಾಡುತ್ತಿದ್ದೆವು.

ತಿರುಗಿ ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಅಪ್ಪ ರೂಢಿಯಂತೆ ಇಳಿದು ಹೋಗಿ ಕರದಂಟಿನ ಪೊಟ್ಟಣ ತಂದ. ಸೀಟಿನಲ್ಲಿ ಕೂತ ಮೇಲೆ ಅದೇನೆಂದು ಅವನಿಗೆ ಅರಿವಾಯಿತು. ಇಳಕಲ್ಲು ಬರುವವರೆಗೆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮನೆಯಲ್ಲೂ ಅದನ್ನು ಯಾರೂ ಬಿಚ್ಚಲಿಲ್ಲ.

ವರ್ಷಪೂರ್ತಿ ತೂಗಿ ನೋಡಿದ ಮನುಷ್ಯ ಆ ವಾರ ಮೂರೇ ದಿನದಲ್ಲಿ ಯಂತ್ರ ಕೊಂಡ. ಫೋನು ಮಾಡಿದ, ಕೊಯಮತ್ತೂರಿನದನ್ನೇ ಹೇಳಿದ, ಡ್ರಾಫ್ಟು ಕಳಿಸಿದ. ದರದಲ್ಲಿ ಒಂದು ರೂಪಾಯಿ ಬಿಡಿ ಎಂದೂ ಕೇಳಲಿಲ್ಲ. ಅವ್ವ ಬೇಡ ಎನ್ನಲಿಲ್ಲ. ಡಾಕ್ಟರು ಹೇಳಿದ ಮೇಲೆ ಆ ರೊಕ್ಕಕ್ಕೆ ದವಾಖಾನೆಯಲ್ಲೂ ಕೆಲಸವಿರಲಿಲ್ಲ.

ಮಾರ್ಚಿ ಕೊನೆಗೆ ಲಾರಿಯಲ್ಲಿ ಯಂತ್ರ ಬಂತು. ಕೂರಿಸಿಕೊಡಲು ಹುಬ್ಬಳ್ಳಿಯಿಂದ ಇಂಜಿನಿಯರ್ ಒಬ್ಬರು ಬಂದರು. ಮಗ್ಗದ ಕುಣಿ ಇದ್ದ ಜಾಗದಲ್ಲೇ ಮೇಜು ಹಾಕಿ ಅದನ್ನಿಟ್ಟರು, ಪಕ್ಕದಲ್ಲಿ ಹಳೇ ಕಂಪ್ಯೂಟರು. ಅವರು ಒಂದು ಹೂವಿನ ಚಿತ್ರ ತೆರೆದು ತೋರಿಸುತ್ತಿದ್ದಾಗ ಅಪ್ಪ ವಹಿ, ಪೆನ್ನು ಹಿಡಿದುಕೊಂಡು ಕೇಳಿದ. ಈ ಹಾಸಿನ ಅಳತೆಗೆ ಸರಿಯಾಗಿ ಚಿತ್ರದಲ್ಲಿ ಎಷ್ಟು ಎಳೆ ಇರಬೇಕು? ಆ ಮನುಷ್ಯನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಪ್ಪ ಮತ್ತೆ ಬಿಡಿಸಿ ಹೇಳಿದ.

"ಎಷ್ಟಿದ್ರೂ ನಡೀತೈತ್ರಿ" ಎಂದು ಅವರು ಚಿತ್ರದ ಮೂಲೆ ಹಿಡಿದು ಎಳೆದರು. ಹೂವು ಪರದೆಯ ತುಂಬ ಹಿಗ್ಗಿತು. ಒಳಗೆ ತಳ್ಳಿದರು, ಹೆಬ್ಬೆರಳಿನಷ್ಟಾಯಿತು. "ಕರ್ಚೀಫ್ ಮ್ಯಾಲಿಂದ ಕೊಟ್ಟ್ರೂ ಇಷ್ಟ, ಚಾದರದ ಮ್ಯಾಲಿಂದ ಕೊಟ್ಟ್ರೂ ಇಷ್ಟ. ಅಳತಿ ಎಲ್ಲಾ ಇಲ್ಲೇ ಆಗತೈತಿ."

ಅಪ್ಪ ಇನ್ನೊಮ್ಮೆ ಎಳೆದು ತೋರಿಸಲು ಹೇಳಿದ. ಅವರು ತೋರಿಸಿದರು. ಅಪ್ಪ ವಹಿ ಮುಚ್ಚಿ ಗೋಡೆಗೆ ಆನಿಕೊಂಡು ನೆಲಕ್ಕೆ ಕೂತ. ಚಹಾ ತಂದ ಅವ್ವ ಬಾಗಿಲಲ್ಲೇ ನಿಂತಿದ್ದಳು. ನಾನು ಇಬ್ಬರ ಮುಖವನ್ನೂ ನೋಡಲಾರದೆ ಕಂಪ್ಯೂಟರಿನ ಕಡೆ ತಿರುಗಿದೆ. ಕಾಲೇಜಿನ ಕಂಪ್ಯೂಟರ್ ಕ್ಲಾಸಿನಲ್ಲಿ ನಾನೇ ಗೆಳತಿಯರ ಫೋಟೋಗಳನ್ನು ಹೀಗೇ ಮೂಲೆ ಹಿಡಿದು ಎಳೆದು ದೊಡ್ಡದು ಮಾಡಿ ನಕ್ಕಿದ್ದೆ. ಅದು ಫೋಟೋ, ಇದು ಆಯಿಯ ಗೋಪುರ. ಎರಡೂ ಒಂದೇ ಎಂದು ನನ್ನ ತಲೆಗೆ ಒಂದು ದಿನವಾದರೂ ಬರಬಾರದಿತ್ತೇ?

ಇಂಜಿನಿಯರ್ ಹೋದ ಮೇಲೆ ಅವ್ವ ಬಾಯಿಬಿಟ್ಟಳು. ಹಾಸು ಹಾಸು ಎಂದು ಮುದುಕಿಯನ್ನು ವರ್ಷಗಟ್ಟಲೆ ಬರಿಗೈಯಲ್ಲಿ ಕೂರಿಸಿದಿರಿ ಎಂದು ಅಪ್ಪನ ಮೇಲೆ ಹಾಯ್ದಳು. ಅಪ್ಪ ಎದುರಾಡಲಿಲ್ಲ. ಎದುರಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತೋ ಏನೋ. ಸ್ವಲ್ಪ ಹೊತ್ತಿಗೆ ಸಿಟ್ಟು ತಿರುಗಿ ಅವಳ ಮೇಲೇ ಬಿತ್ತು.

"ನಾ ಏನ ಕಡಿಮಿ ಅದೀನಿ. ಕಣ್ಣ ಕಾಣದಾಕಿಗೆ ಕಲ್ಲ ಕಾಣೂದಿಲ್ಲೇನು ಅಂದೆ" ಎಂದು ಅಡುಗೆಮನೆಗೆ ಹೋಗಿ ಅತ್ತಳು.

ಆದರೆ ದಾರಿ ಹುಡುಕಿದವಳೂ ಅವ್ವನೇ. ಮರುದಿನ ಒಂದು ಗೋಣಿತಟ್ಟು ತೊಳೆದು ಒಣಗಿಸಿ ತಂದಳು. ಅದರ ಎಳೆಗಳು ದಪ್ಪ, ಬೆರಳಿನಿಂದ ಎಣಿಸಲು ಬರುತ್ತವೆ. ಕೌದಿ ಹೊಲಿಯುವ ದಬ್ಬಣಕ್ಕೆ ಉಣ್ಣೆಯ ದಾರ ಪೋಣಿಸಿ ಆಯಿಯ ಕೈಗಿಟ್ಟಳು. ಆಯಿ ತಟ್ಟಿನ ಮೇಲೆ ಉಗುರು ಆಡಿಸಿ ನೋಡಿ, ಬಹಳ ದಿನಗಳ ಮೇಲೆ ನಕ್ಕಳು.

"ಗ್ವಾಣಿ ಚೀಲಕ್ಕ ಕಸೂತಿ ಹಾಕಿದ ಮೊದಲನೇಕಿ ನಾನ ಇರಬೇಕು."

ದಿನವೂ ಮಧ್ಯಾಹ್ನ ಊಟವಾದ ಮೇಲೆ ಅವಳು ಹಾಕುವುದು, ನಾನು ಪಕ್ಕದಲ್ಲಿ ಕೂತು ಚೌಕಳಿ ವಹಿಯಲ್ಲಿ ಚುಕ್ಕಿ ಇಡುವುದು. ಗೋಪುರದ ಕಟ್ಟೆ ಎದ್ದಿತು. ಕಟ್ಟೆಯ ಎರಡು ಕೊನೆಗೆ ಒಂದೊಂದು ನವಿಲು ಕೂತವು. ಹತ್ತು ದಿನ ಹಿಡಿಯಿತು, ಆದರೂ ಹತ್ತು ದಿನ ಮನೆಯಲ್ಲಿ ಎಲ್ಲರೂ ಹೊಟ್ಟೆತುಂಬ ಉಂಡೆವು. ಮೂರನೆಯ ನವಿಲಿಗೆ ಗೆರೆ ತಿರುಗಿ ಮೇಲಿನ ಅಂತಸ್ತಿಗೆ ಏರಬೇಕಿತ್ತು. ಅಲ್ಲಿ ಆಯಿ ನಿಂತಳು. ಹಾಕಿದಳು, ಬಿಚ್ಚಿದಳು. ಮತ್ತೆ ಹಾಕಿದಳು. ಬಾಯಿಂದ ಹೇಳು ಎಂದರೆ ನಾಲ್ಕು ಎಳೆ ಮೇಲೆ, ಎರಡು ಆಚೆ ಎನ್ನುತ್ತಾಳೆ, ಚುಕ್ಕಿ ಇಟ್ಟರೆ ನವಿಲಿನ ಕೊರಳು ಕಟ್ಟೆಗೆ ಬಡಿಯುತ್ತದೆ. ನಾಲ್ಕನೆಯ ದಿನ ದಬ್ಬಣವನ್ನು ತಟ್ಟಿಗೆ ಚುಚ್ಚಿ ಕೆಳಗಿಟ್ಟಳು.

"ಹಿಂದಿನ ಸಾಲ ನೋಡಿದ್ರ ಮುಂದಿನ ಸಾಲ ತಾನ ಬರ್ತಿತ್ತವಾ. ಈಗ ಹಿಂದಿಂದ ಕಾಣೂದಿಲ್ಲ, ಮುಂದಿಂದ ಬರೂದಿಲ್ಲ."

ಸಂಜೆ ಹಾಕು, ನಾಳೆ ಹಾಕು ಎಂದು ನಾವು ಪುಸಲಾಯಿಸಿದೆವು. ಅವಳು ಮತ್ತೆ ದಬ್ಬಣ ಮುಟ್ಟಲಿಲ್ಲ.

ಅಪ್ಪ ಅಜ್ಜನ ಮಗ್ಗದ ತೇಗದ ಹಲಗೆ ತೆಗೆದು ನುಣುಪು ಮಾಡಿದ. ನನ್ನ ಚುಕ್ಕಿಗಳನ್ನು ಕಂಪ್ಯೂಟರಿಗೆ ಹಾಕಿದೆವು. ಯಂತ್ರ ಒಳ್ಳೆಯದೇ, ಅದನ್ನು ದೂರುವ ಹಾಗಿಲ್ಲ. ಕೂದಲೆಳೆಯಷ್ಟೂ ಗೆರೆ ತಪ್ಪಲಿಲ್ಲ. ಮಣೆಯ ಕೆಳಬದಿಗೆ ಗೋಪುರದ ಕಟ್ಟೆ, ಎರಡು ನವಿಲು. ಎರಡನ್ನೇ ಹಿಗ್ಗಿಸಿ ಮಣೆ ತುಂಬಿಸಿಬಿಡೋಣ ಎಂದು ನಾನು ಹೇಳಿ ನೋಡಿದೆ. ಅಪ್ಪ ಒಪ್ಪಲಿಲ್ಲ. ಹನ್ನೆರಡಕ್ಕೆ ಎಷ್ಟು ಬೇಕೋ ಅಷ್ಟೇ ಅಳತೆಯಲ್ಲಿ ಕೊರೆದು ಮೇಲಿನ ಜಾಗ ಖಾಲಿ ಬಿಟ್ಟ.

ಎಣ್ಣೆ ಒರೆಸಿದ ಮಣೆಯನ್ನು ತಂದು ಆಯಿಯ ತೊಡೆಯ ಮೇಲಿಟ್ಟ. ಅವಳು ಗೆರೆ ಗೆರೆಗೂ ಬೆರಳು ಓಡಿಸಿದಳು, ತುಟಿಯಲ್ಲೇ ಎಣಿಸಿದಳು, ಸರಿ ಐತಿ ಎಂದಳು. ಆಮೇಲೆ ನಲವತ್ತು ವರ್ಷದ ಅಭ್ಯಾಸದಂತೆ ಮಣೆಯನ್ನು ಮಗುಚಿ ಹಾಕಿ ಹಿಂದೆ ಮುಟ್ಟಿದಳು.

"ಹಿಂದ ಬೋಳ ಐತಲ್ಲೋ?"

"ಕಟಗ್ಯಾಗ ಒಂದ ಬದಿ ಅಷ್ಟ ಬರ್ತೈತಿ ಅವ್ವ."

"ಮ್ಯಾಲೂ ಬೋಳ ಹತ್ತಿತು ಕೈಗೆ."

"ತಡಿ ಅವ್ವ..." ಎಂದುಬಿಟ್ಟ ಅಪ್ಪ. ಮಣೆ ಎತ್ತಿಕೊಂಡು ಮಗ್ಗದ ಕೋಣೆಗೆ ಹೋದ.

ಮೇ ತಿಂಗಳಲ್ಲಿ ಮದುವೆಯಾಯಿತು. ಅರಿಷಿಣ ಹಚ್ಚುವ ದಿನ ನನ್ನನ್ನು ಅದೇ ಮಣೆಯ ಮೇಲೆ ಕೂರಿಸಿದರು. ನಾನು ಎದ್ದಾಗ ಹರಿದ ಅರಿಷಿಣದ ನೀರು ನವಿಲುಗಳ ಗೆರೆಯಲ್ಲಿ ನಿಂತು ಅವೆರಡು ಎದ್ದು ಕಾಣುತ್ತಿದ್ದವು. ಶಿರೂರಿನಿಂದ ಅರಿಷಿಣ ತಂದಿದ್ದ ಮಲ್ಲುವಿನ ಸೋದರತ್ತೆ ಬಾಗಿ ನೋಡಿದರು. ಕೆಲಸ ಬಹಳ ಚಂದ ಆಗಿದೆ ಎಂದು ಹೊಗಳಿ, ನಂತರ ಎಲ್ಲರೂ ಕೇಳುವ ಹಾಗೆ ಕೇಳಿದರು.

"ಕೆಳಗ ಇಷ್ಟ ಚಂದ ಮಾಡಿ ಮ್ಯಾಲಿಂದ ಯಾಕ ಖಾಲಿ ಬಿಟ್ಟೀರಿ? ಪೂರಾ ಆಗಲಿಲ್ಲೇನ್ರಿ?"

ಅಪ್ಪ ಪಂಕ್ತಿಗೆ ನೀರು ಹಾಕುತ್ತಿದ್ದ. ತಂಬಿಗೆ ಹಿಡಿದವನು ಹಾಗೇ ನಿಂತ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಗೋಡೆಯ ಪಕ್ಕ ಕೂತಿದ್ದ ಆಯಿ ದನಿ ಬಂದ ಕಡೆ ಮುಖ ತಿರುಗಿಸಿದಳು.

"ಪೂರಾ ಆಗೈತ್ರಿ ಬೀಗ್ತಿ. ಅದರ ಅಳತಿನ ಅಷ್ಟ. ನಮ್ಮ ತವರಮನಿ ಗೋಪುರಕ್ಕ ಎರಡ ನವಿಲಾ."

ಹನ್ನೆರಡು ನವಿಲನ್ನು ಹಾಕಿ ಬಲ್ಲವಳು ಭೂಮಿಯ ಮೇಲೆ ಅವಳೊಬ್ಬಳೇ. ಅವಳೇ ಎರಡು ಎಂದ ಮೇಲೆ ಅಲ್ಲ ಎನ್ನುವವರು ಯಾರೂ ಇರಲಿಲ್ಲ. ಬೀಗತಿ ತಲೆಯಾಡಿಸಿ ಪಂಕ್ತಿಯ ಕಡೆ ಹೋದರು.

ಅಪ್ಪ ತಂಬಿಗೆಯನ್ನು ಕೆಳಗಿಟ್ಟು ಆಯಿಯ ಹತ್ತಿರ ಹೋಗಿ ನೆಲದ ಮೇಲೆ ಕೂತ. ಅವ್ವ ಎಂದ. ಆಯಿ ಕೈ ಚಾಚಿ ಗಾಳಿಯಲ್ಲಿ ತಡಕಿ ಅವನ ತಲೆ ಮುಟ್ಟಿದಳು.

"ಉಂಡಿಯೇನೋ ತಮ್ಮಾ?" ಎಂದು ಕೇಳಿದಳು.